ಹಿತ್ತಾಳೆ ಫಿಲ್ಟರ್: ಹೊಳಪು ಬಿಡಿ, ತೂತು ನೋಡಿ

ಚಿಕ್ಕಮಗಳೂರಿನ ಪಾತ್ರೆ ಅಂಗಡಿಗಳಲ್ಲಿ ಹಿತ್ತಾಳೆ ಕಾಫಿ ಫಿಲ್ಟರನ್ನು ‘ಅಜ್ಜಿ ಕಾಲದ್ದು’ ಅಂತ ತೋರಿಸಿ ಮಾರುತ್ತಾರೆ. ಆಕಾರವೇನೋ ಅದೇ: ಮೇಲೆ ತೂತಿನ ಪಾತ್ರೆ, ಕೆಳಗೆ ಡಿಕಾಕ್ಷನ್ ಇಳಿಯುವ ಪಾತ್ರೆ, ಪುಡಿ ಒತ್ತುವ ಹಿಡಿಕೆಯ ಬಿಲ್ಲೆ, ಮುಚ್ಚಳ. ಆದರೆ ಅಜ್ಜಿಯ ಫಿಲ್ಟರಿನ ಒಳಮೈಗೆ ಕಲಾಯಿ, ಅಂದರೆ ತವರದ ಲೇಪ, ಇರುತ್ತಿತ್ತು. ಒಳಗೂ ಹೊರಗಿನಷ್ಟೇ ಹಳದಿ ಇದ್ದರೆ ಅದನ್ನು ಶೋಕೇಸಿಗೆ ಕೊಳ್ಳಿ, ಕಾಫಿಗೆ ಬೇಡ. ಡಿಕಾಕ್ಷನ್ ಹುಳಿ ಗುಣದ್ದು. ಬರಿ ಹಿತ್ತಾಳೆಯಲ್ಲಿ ಗಂಟೆಗಟ್ಟಲೆ ಕೂತರೆ ಕಿಲುಬು ಬಿಡುತ್ತದೆ.

1950ರ ದಶಕದಲ್ಲಿ ಇದೊಂದು ಚಿಂತೆಯೇ ಆಗಿರಲಿಲ್ಲ. ತಿದಿ, ಇದ್ದಲು ಹೊತ್ತು ಕಲಾಯಿಯವರು ಬೀದಿಗೇ ಬರುತ್ತಿದ್ದರು. ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ತವರ ಕರಗಿಸಿ, ಬಟ್ಟೆಯಿಂದ ಒಳಗೆಲ್ಲ ಸವರಿದರೆ ಮುಗಿಯಿತು. ಸ್ಟೀಲು ಮನೆಮನೆ ಹೊಕ್ಕ ಮೇಲೆ ಆ ಕಸುಬೇ ಸೊರಗಿತು. ಈಗ ಕಲಾಯಿ ಹಾಕುವವರನ್ನು ಮೊದಲು ಹುಡುಕಿಕೊಂಡು, ಆಮೇಲೆ ಫಿಲ್ಟರ್ ಕೊಳ್ಳುವುದು ಜಾಣತನ. ಹಾಕಿಸುವಾಗ ಪಕ್ಕದಲ್ಲೇ ನಿಲ್ಲಿ: ಕರಗಿದ ತವರ ತೂತುಗಳನ್ನು ಮುಚ್ಚಿಬಿಡುತ್ತದೆ. ಬಿಸಿ ಆರುವ ಮೊದಲೇ ಕೊಡವಿಸಿ, ಸೂಜಿ ಆಡಿಸಬೇಕು. ತವರ ಸುಮಾರು 232 ಡಿಗ್ರಿಗೇ ಕರಗುತ್ತದೆ, ಹಾಗಾಗಿ ಡಿಕಾಕ್ಷನ್ ಬಿಸಿ ಮಾಡಲೆಂದು ಕೆಳಪಾತ್ರೆಯನ್ನು ನೇರ ಉರಿಗೆ ಇಡಬೇಡಿ. ತೊಳೆಯುವಾಗ ಹುಣಸೆಹಣ್ಣು ಹೊರಮೈಗೆ ಮಾತ್ರ. ಒಳಗೆ ತಂತಿ ಬ್ರಷ್ ತಾಗಿಸಲೇಬೇಡಿ.

ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಮೇಲಿನ ಪಾತ್ರೆಯನ್ನು ಬೆಳಕಿಗೆ ಹಿಡಿದರೆ ತೂತುಗಳೆಲ್ಲ ಒಂದೇ ಅಳತೆಯಲ್ಲಿ, ಅಂಚಿನವರೆಗೂ ಕಾಣಬೇಕು. ನಡುವೆ ಮಾತ್ರ ತೂತಿದ್ದರೆ ಅಂಚಿನ ಪುಡಿಯ ಸಾರ ಪೂರ್ತಿ ಇಳಿಯುವುದಿಲ್ಲ. ದೊಡ್ಡ ತೂತಾದರೆ ಲೋಟದ ತಳದಲ್ಲಿ ಗಸಿ. ಎರಡು ಪಾತ್ರೆಗಳ ಜೋಡಣೆ ತೀರಾ ಬಿಗಿಯಾಗಿದ್ದರೂ ತಕರಾರೇ. ಕೆಳಗಿನ ಗಾಳಿಗೆ ಹೊರಹೋಗಲು ದಾರಿಯಿಲ್ಲದೆ ಡಿಕಾಕ್ಷನ್ ನಿಂತುಬಿಡುತ್ತದೆ. ಎಷ್ಟೋ ಜನ ಪುಡಿಯನ್ನು ಬೈಯುತ್ತಾರೆ! ಮೇಲಿನದನ್ನು ಒಂದು ಕ್ಷಣ ಎತ್ತಿ ಇಟ್ಟರೆ ಮತ್ತೆ ತೊಟ್ಟಿಕ್ಕುತ್ತದೆ.

ಮೂರು ಜನರಿಗೆ 30 ಗ್ರಾಂ ಪುಡಿ, 150 ಮಿಲಿ ನೀರು ಸಾಕು. ಮೊದಲು ಬಿಸಿನೀರಲ್ಲಿ ಫಿಲ್ಟರ್ ತೊಳೆಯಿರಿ, ಹಿತ್ತಾಳೆ ತಣ್ಣಗಿದ್ದರೆ ನೀರಿನ ಬಿಸಿಯನ್ನು ಎಳೆದುಕೊಳ್ಳುತ್ತದೆ. ಪುಡಿ ಹಾಕಿ, ಬಿಲ್ಲೆಯಿಂದ ಹಗುರವಾಗಿ ಒತ್ತಿ, ಎರಡು ಚಮಚ ನೀರಲ್ಲಿ ನೆನೆಸಿ, ಅರ್ಧ ನಿಮಿಷ ಬಿಟ್ಟು ಉಳಿದದ್ದು ಸುರಿಯಿರಿ. 15–20 ನಿಮಿಷಕ್ಕೆ ಇಳಿಯಬೇಕು. ಐದೇ ನಿಮಿಷಕ್ಕೆ ಇಳಿದರೆ ಪುಡಿ ತರಿ ಹೆಚ್ಚಾಗಿದೆ. ಚಿಕೋರಿ ನೆಂದು ಉಬ್ಬುವುದರಿಂದ 20 ಪರ್ಸೆಂಟ್ ಮೀರಿದ ಮಿಶ್ರಣಕ್ಕೆ ಒತ್ತುವುದೇ ಬೇಡ.

ಅದೇ ಪುಡಿಗೆ ಮತ್ತೆ ನೀರು ಹಾಕಿ ಎರಡನೇ ಡಿಕಾಕ್ಷನ್ ಇಳಿಸುವುದು ಆ ಕಾಲದ ಲೆಕ್ಕಾಚಾರ. ಗಟ್ಟಿಯಾದ ಮೊದಲಿನದು ಯಾರಿಗೆ, ನೀರುನೀರಾದ ಎರಡನೆಯದು ಯಾರಿಗೆ ಅನ್ನುವುದರಲ್ಲೇ ಮನೆಯೊಳಗಿನ ಮೇಲು ಕೀಳು ತಿಳಿಯುತ್ತಿತ್ತು. ಕಾಫಿ ನಾಡಾದರೂ ಪುಡಿ ಧಾರಾಳವಾಗಿರಲಿಲ್ಲ. 1942ರ ಕಾಯ್ದೆಯಂತೆ ಬೆಳೆಗಾರರು ಮನೆಬಳಕೆಯದನ್ನು ಬಿಟ್ಟು ಉಳಿದ ಬೆಳೆಯನ್ನು ಕಾಫಿ ಮಂಡಳಿಗೇ ಒಪ್ಪಿಸಬೇಕಿತ್ತು.

ದಿನಾ ಎರಡು ಹೊತ್ತು ಬಳಸುವವರು, ಕಲಾಯಿಗೆ ಓಡಾಡಲು ಪುರುಸೊತ್ತಿಲ್ಲದವರು ಸ್ಟೀಲಿನದನ್ನೇ ಕೊಳ್ಳಿ. ತೂತು ಸರಿಯಿದ್ದರೆ ಡಿಕಾಕ್ಷನ್‌ನಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಮನೆಯ ಅಟ್ಟದಲ್ಲಿ ಹಳೆಯದು ಬಿದ್ದಿದ್ದರೆ ಮಾತ್ರ ಅದನ್ನು ಗುಜರಿಗೆ ಹಾಕದೆ ಕಲಾಯಿ ಮಾಡಿಸಿ.