ಗ್ರ್ಯಾನ್ ಪ್ರೀಯೋ, ವಿಶ್ವ ಚಾಂಪಿಯನ್‌ಶಿಪ್ಪೋ?

ಫಿಗರ್ ಸ್ಕೇಟಿಂಗ್ (ಸಂಗೀತಕ್ಕೆ ತಕ್ಕಂತೆ ಮಂಜುಗಡ್ಡೆಯ ಮೇಲೆ ಜಾರುವ ಆಟ) ನೋಡಲು ಹೊರಟವರು ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ಆಯ್ಕೆ ಎರಡು: ಹಲವು ವಾರ ಬೇರೆ ಬೇರೆ ಊರುಗಳಲ್ಲಿ ನಡೆಯುವ ಕೂಟಗಳ ಸರಣಿಯಾದ ಗ್ರ್ಯಾನ್ ಪ್ರೀ, ಇಲ್ಲವೇ ಒಂದೇ ಕಡೆ ನಡೆಯುವ ವಿಶ್ವ ಚಾಂಪಿಯನ್‌ಶಿಪ್.

ದೊಡ್ಡ ವ್ಯತ್ಯಾಸವಿರುವುದು ಪ್ರವೇಶದಲ್ಲಿ. ಗ್ರ್ಯಾನ್ ಪ್ರೀಗೆ ಹಿಂದಿನ ಸಾಧನೆ ನೋಡಿ ಕರೆಯುತ್ತಾರೆ. ಒಬ್ಬರಿಗೆ ಹೆಚ್ಚೆಂದರೆ 2 ಕೂಟ. ಗೆದ್ದವರಿಗೆ 15 ಅಂಕ, ಎರಡನೆಯವರಿಗೆ 13. ಒಟ್ಟು ಅಂಕಗಳಲ್ಲಿ ಮೊದಲ 6 ಮಂದಿ ಫೈನಲ್‌ಗೆ. ವಿಶ್ವ ಚಾಂಪಿಯನ್‌ಶಿಪ್‌ಗೆ ಸ್ಕೇಟರ್‌ಗಳನ್ನು ಆರಿಸುವುದು ಆಯಾ ದೇಶದ ಸಂಸ್ಥೆ. ಒಂದು ದೇಶಕ್ಕೆ ಒಂದು ವಿಭಾಗದಲ್ಲಿ ಗರಿಷ್ಠ 3 ಸ್ಥಾನ, ಅದೂ ಹಿಂದಿನ ವರ್ಷದ ಫಲಿತಾಂಶದ ಮೇಲೆ. ಜಪಾನಿನಂಥ ಬಲಿಷ್ಠ ದೇಶದ ನಾಲ್ಕನೆಯವರು ಎಷ್ಟೇ ಚೆನ್ನಾಗಿ ಆಡಿದರೂ ಮನೆಯಲ್ಲೇ ಉಳಿಯುತ್ತಾರೆ. ನನಗಂತೂ ಇದು ಸಂಕಟದ ವಿಷಯ.

ವಿಶ್ವ ಚಾಂಪಿಯನ್‌ಶಿಪ್‌ನ ಸಿಂಗಲ್ಸ್‌ನಲ್ಲಿ ಶಾರ್ಟ್ ಪ್ರೋಗ್ರಾಂ (ಮೊದಲ, ಚಿಕ್ಕ ಪ್ರದರ್ಶನ) ಮುಗಿದ ಮೇಲೆ 24 ಮಂದಿಗಷ್ಟೇ ಎರಡನೆಯ, ದೀರ್ಘ ಪ್ರದರ್ಶನದ ಅವಕಾಶ; ಗ್ರ್ಯಾನ್ ಪ್ರೀಯಲ್ಲಿ ಈ ಸೋಸುವಿಕೆ ಇಲ್ಲ.

ಸ್ಕೇಟರ್‌ಗಳ ಪರಿಚಯ ನಿಧಾನವಾಗಿ ಆಗಲಿ ಎನ್ನುವವರಿಗೆ ಗ್ರ್ಯಾನ್ ಪ್ರೀ. ಬಿಡುವು ಒಂದೇ ವಾರದ್ದಾದರೆ ವಿಶ್ವ ಚಾಂಪಿಯನ್‌ಶಿಪ್ ಹಿಡಿಯಿರಿ.