ಸ್ಕೋರಿಂಗ್ ಬೋರ್ಡ್: ವರ್ಷಗಟ್ಟಲೆ ಬಳಸಿದ ಮೇಲಿನ ವಿಮರ್ಶೆ

ಕಾರ್ಡು, ಪೆಟ್ಟಿಗೆ, ಲಕೋಟೆಗಳನ್ನು ಕೈಯಲ್ಲೇ ಮಾಡುವವರು ಕಟರ್, ಸ್ಟೀಲ್ ಸ್ಕೇಲ್ ಆದ ಮೇಲೆ ಕೊಳ್ಳಬೇಕಾದದ್ದು ಸ್ಕೋರಿಂಗ್ ಬೋರ್ಡನ್ನೇ, ಅಂದರೆ ಕಾಗದ ನೇರವಾಗಿ ಮಡಿಯಲೆಂದು ಮೊದಲೇ ಗೆರೆ ಒತ್ತಿಕೊಳ್ಳುವ ಹಲಗೆಯನ್ನೇ. ಹಾಗೆಂದು ಅದರ ಪೊಟ್ಟಣದಲ್ಲಿ ಬರುವುದೆಲ್ಲ ಉಪಯೋಗದ್ದಲ್ಲ. ಗೆರೆ ಒತ್ತಲು ಜೊತೆಗೆ ಕೊಡುವ ಪ್ಲಾಸ್ಟಿಕ್ ಕಡ್ಡಿ ಬಹುಬೇಗ ಮೂಲೆ ಸೇರುತ್ತದೆ. ಬೋರ್ಡಿನ ಮೇಲೆ ಅಚ್ಚು ಹಾಕಿದ ಲಕೋಟೆ ಅಳತೆಗಳು ಅರ್ಧ ಮಾತ್ರ ಕೆಲಸಕ್ಕೆ ಬರುತ್ತವೆ. ಇನ್ನು ತಿರುಳಿನಿಂದ ಎತ್ತಿ ಒಣಗಿಸಿದ ಅಸಲಿ ಕೈಕಾಗದ ಇದರ ಮೇಲೆ ಸಲೀಸಾಗಿ ಕೂರುವುದಿಲ್ಲ.

ಇಲ್ಲಿ ಹೇಳುತ್ತಿರುವುದು ಎಲ್ಲೆಡೆ ಸಿಗುವ 12 ಇಂಚು ಚೌಕದ ಪ್ಲಾಸ್ಟಿಕ್ ಬೋರ್ಡಿನ ಬಗ್ಗೆ. ಮೇಲೆ ಮತ್ತು ಎಡಕ್ಕೆ ಕಾಗದ ತಾಗಿಸಿ ಹಿಡಿಯಲು ಎತ್ತರದ ಅಂಚು, ನಡುವೆ 1/8 ಇಂಚಿಗೊಂದರಂತೆ ಕಡ್ಡಿ ಎಳೆಯುವ ಸಣ್ಣ ಕಾಲುವೆಗಳು, ಅಂದರೆ ಉದ್ದುದ್ದ ಗ್ರೂವ್‌ಗಳು, ಲಕೋಟೆಗೆಂದು ಮೂಲೆಯಲ್ಲಿ ಇಡುವ ತ್ರಿಕೋನದ ಬಿಲ್ಲೆ. ಕೆಲವು ಮಾದರಿಗಳಲ್ಲಿ ಹಿಂಬದಿಗೆ 5 ಮಿ.ಮೀ. ಅಂತರದ ಗ್ರೂವ್‌ಗಳಿರುತ್ತವೆ. ಎ4 ಹಾಳೆಯಲ್ಲೇ ಕೆಲಸ ಮಾಡುವವರು ಈ ಎರಡನೆಯ ಬದಿ ಇರುವುದನ್ನೇ ಆರಿಸಿಕೊಳ್ಳಲಿ. ಕಾರಣ ಲೆಕ್ಕದಲ್ಲಿದೆ. ಎ4 ಹಾಳೆಯ ಉದ್ದ 297 ಮಿ.ಮೀ., ಅದರ ನಡು 148.5. ಇಂಚಿನ ಬೋರ್ಡಿನಲ್ಲಿ ಅದಕ್ಕೆ ಹತ್ತಿರದ ಗ್ರೂವ್ 5 7/8 ಇಂಚಿನದು, ಅಂದರೆ 149.2 ಮಿ.ಮೀ. ಗೆರೆ 0.7 ಮಿ.ಮೀ. ಸರಿದರೆ ಮಡಿಸಿದ ಮೇಲೆ ಎರಡು ಅಂಚುಗಳ ನಡುವೆ ಅದರ ದುಪ್ಪಟ್ಟು, ಸುಮಾರು ಒಂದೂವರೆ ಮಿ.ಮೀ. ವ್ಯತ್ಯಾಸ ಕಾಣುತ್ತದೆ. 'ಬೋರ್ಡ್ ಸೊಟ್ಟಗಿದೆ' ಎಂಬ ದೂರುಗಳಲ್ಲಿ ಬಹಳಷ್ಟು ಇದೇ. ಮೆಟ್ರಿಕ್ ಬದಿಯಲ್ಲೂ 148.5ಕ್ಕೆ ಗ್ರೂವ್ ಇಲ್ಲ. ಆದ್ದರಿಂದ ಹಾಳೆಯನ್ನು ಮೊದಲು 290ಕ್ಕೆ ಕತ್ತರಿಸಿ 145ರಲ್ಲಿ ಗೆರೆ ಹಾಕಬೇಕು. ಇಂಚಿನ ಬದಿಯಾದರೆ 11 1/2ಕ್ಕೆ ಕತ್ತರಿಸಿ 5 3/4ರಲ್ಲಿ. ಎ5 ಹಾಳೆ ಮಡಿಸಿ ಎ6 ಕಾರ್ಡು ಮಾಡುವವರಿಗೆ ಈ ತಲೆನೋವಿಲ್ಲ. 105 ಮಿ.ಮೀ. ಮೆಟ್ರಿಕ್ ಗ್ರೂವ್ ಮೇಲೆಯೇ ಬೀಳುತ್ತದೆ, ಇಂಚಿನ 4 1/8 ಕೂಡ ಕಾಲು ಮಿ.ಮೀ. ಒಳಗೇ ಇರುತ್ತದೆ.

ಎ6 ಕಾರ್ಡಿಗೆ ಇನ್ನೊಂದು ಅನುಕೂಲವೂ ಇದೆ, ಇದನ್ನು ಗಮನಿಸುವವರು ಕಡಿಮೆ. ಯಂತ್ರದಲ್ಲಿ ತಯಾರಾದ ಕಾಗದದ ನಾರುಗಳೆಲ್ಲ ಹೆಚ್ಚು ಕಡಿಮೆ ಒಂದೇ ದಿಕ್ಕಿಗೆ ಮಲಗಿರುತ್ತವೆ. ಆ ದಿಕ್ಕಿಗೆ ಸಮನಾಗಿ ಮಡಿಸಿದರೆ ಮಡಿಕೆ ನುಣುಪು, ಅಡ್ಡಕ್ಕೆ ಮಡಿಸಿದರೆ ನಾರು ಮುರಿದು ಬಿರುಕು. ಎ4 ಕಾರ್ಡ್‌ಸ್ಟಾಕಿನಲ್ಲಿ (ಕಾರ್ಡಿಗೆ ಬಳಸುವ ದಪ್ಪ ಕಾಗದ) ಸಾಮಾನ್ಯವಾಗಿ ನಾರು ಉದ್ದಕ್ಕೆ ಓಡುತ್ತದೆ. ಅಂಥ ಹಾಳೆಯನ್ನು ನಡುವಿಗೆ ಮಡಿಸಿ ಎ5 ಕಾರ್ಡು ಮಾಡಿದರೆ ಮಡಿಕೆ ನಾರಿಗೆ ಅಡ್ಡ. ಅದೇ ಹಾಳೆಯನ್ನು ಎರಡು ಎ5 ತುಂಡು ಮಾಡಿ, ಒಂದೊಂದನ್ನೂ 105ರಲ್ಲಿ ಮಡಿಸಿದರೆ ಮಡಿಕೆ ನಾರಿನ ಜೊತೆಗೇ ಹೋಗುತ್ತದೆ. ಒಂದೇ ಪೊಟ್ಟಣದ ಕಾಗದದಲ್ಲಿ ಚಿಕ್ಕ ಕಾರ್ಡು ಚೆನ್ನಾಗಿ ಬಂದು ದೊಡ್ಡದು ಬಿರಿದರೆ ಬೋರ್ಡನ್ನೂ ಕೈಯನ್ನೂ ದೂರಬೇಕಿಲ್ಲ. ನಾರಿನ ದಿಕ್ಕು ತಿಳಿಯಲು ಹಾಳೆಯನ್ನು ಮಡಿಸದೆ ಸುಮ್ಮನೆ ಬಾಗಿಸಿ ನೋಡಿ. ಯಾವ ಕಡೆಗೆ ಸುಲಭವಾಗಿ ಬಾಗುತ್ತದೋ ಆ ಬಾಗಿನ ಗೆರೆಯೇ ನಾರಿನ ದಿಕ್ಕು.

ಬೋರ್ಡಿನ ಕೈಪಿಡಿಗಳು ಹೇಳದೆ ಬಿಡುವ ಮುಖ್ಯ ವಿಷಯ ಮಡಿಸುವ ಬದಿಯದು. ಗೆರೆ ಒತ್ತಿದಾಗ ಮೇಲ್ಬದಿಯಲ್ಲಿ ತಗ್ಗು, ಕೆಳಬದಿಯಲ್ಲಿ ಉಬ್ಬು ಬರುತ್ತದೆ. ಆ ಉಬ್ಬು ಮಡಿಕೆಯ ಒಳಗೆ ಇರಬೇಕು. ಅಂದರೆ ಕಾರ್ಡಿನ ಹೊರಮುಖವನ್ನು ಮೇಲಕ್ಕೆ ಇಟ್ಟು ಗೆರೆ ಹಾಕಿ, ತಗ್ಗು ಹೊರಗುಳಿಯುವಂತೆ ಮಡಿಸಬೇಕು. ನೋಡಲು ತಿರುವುಮುರುವು ಅನಿಸುತ್ತದೆ. ತಗ್ಗಿನ ಕಡೆಗೇ ಮಡಿಸುವುದು ಕೈಗೆ ಸಹಜವಾದ್ದರಿಂದ ಹೆಚ್ಚಿನವರು ಹಾಗೇ ಮಾಡುತ್ತಾರೆ, ಮಡಿಕೆಯ ಹೊರಪದರ ಎಳೆತಕ್ಕೆ ಸಿಕ್ಕಿ ಸೀಳುತ್ತದೆ. 300 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ತೂಕದ ಅಳತೆ) ಕಾಗದದ ಎರಡು ತುಂಡುಗಳನ್ನು ಒಂದೊಂದು ಬದಿಗೆ ಮಡಿಸಿ ಬೆಳಕಿಗೆ ಹಿಡಿದರೆ ವ್ಯತ್ಯಾಸ ಗೊತ್ತಾಗುತ್ತದೆ: ಒಂದರ ಬೆನ್ನು ದುಂಡಗೆ, ನಯವಾಗಿ ಇರುತ್ತದೆ, ಇನ್ನೊಂದರ ಬೆನ್ನಿನ ಮೇಲೆ ಬಿಳಿ ನಾರಿನ ಗರಗಸ. ಮೇಲ್ಮೈಗೆ ಮಾತ್ರ ಬಣ್ಣವಿದ್ದು ಒಳಗೆ ಬಿಳಿ ಇರುವ ಕಾಗದದಲ್ಲಿ ಇದು ಎದ್ದು ಕಾಣುತ್ತದೆ. ಆಗಿಹೋದ ಬಿಳಿ ಗೆರೆಗೆ ಅದೇ ಬಣ್ಣದ ಇಂಕ್ ಪ್ಯಾಡನ್ನು ಮೆಲ್ಲಗೆ ಉಜ್ಜಿದರೆ ಮರೆಯಾಗುತ್ತದೆ, ಅದು ತೇಪೆ ಅಷ್ಟೆ.

ಇನ್ನು ಕಡ್ಡಿಯ ಮಾತು. ಜೊತೆಗೆ ಬರುವ ಪ್ಲಾಸ್ಟಿಕ್ ಕಡ್ಡಿಯ ತುದಿ ತೀರ ಚೂಪು, ಹಗುರ ಕಾಗದವನ್ನು ಒಂದೇ ಎಳೆತಕ್ಕೆ ಹರಿಯುತ್ತದೆ. ಸವೆದ ಮೇಲೆ ತುದಿಯಲ್ಲಿ ಚಿಕ್ಕ ಮುಳ್ಳೆದ್ದು ಬಣ್ಣದ ಪದರವನ್ನು ಕೆರೆಯತೊಡಗುತ್ತದೆ. 250ರಿಂದ 300 ಜಿಎಸ್‌ಎಂ ಕಾಗದಕ್ಕೆ ಬೋನ್ ಫೋಲ್ಡರಿನ (ಮಡಿಕೆ ತೀಡುವ ಚಪ್ಪಟೆ ಮೂಳೆ ಪಟ್ಟಿ) ತುದಿಯೇ ಸಾಕು, 160ಕ್ಕಿಂತ ತೆಳುವಾದದ್ದಕ್ಕೆ ಗುಂಡು ತುದಿಯ ಎಂಬಾಸಿಂಗ್ (ಉಬ್ಬು ಚಿತ್ತಾರ ಮೂಡಿಸುವ) ಕಡ್ಡಿ ಒಳ್ಳೆಯದು. ಒಂದೇ ಸಲ ಜೋರಾಗಿ ಒತ್ತುವುದಕ್ಕಿಂತ ಹಗುರವಾಗಿ ಎರಡು ಮೂರು ಸಲ ಎಳೆಯಬೇಕು. ಮಡಿಕೆ ತೀಡುವಾಗ ಗಾಢ ಬಣ್ಣದ ಕಾಗದದ ಮೇಲೆ ಬೋನ್ ಫೋಲ್ಡರ್ ಹೊಳಪಿನ ಗೆರೆ ಬಿಡುತ್ತದೆ, ಅದು ಮತ್ತೆ ಹೋಗುವುದಿಲ್ಲ. ನಡುವೆ ಒಂದು ಹಾಳೆ ಚೂರು ಇಟ್ಟು ತೀಡಿ, ಇಲ್ಲವೇ ಟೆಫ್ಲಾನ್ ಫೋಲ್ಡರ್ ತನ್ನಿ.

ಬೋರ್ಡಿನ ಬೆಲೆ ತೀರುವುದು ಪೆಟ್ಟಿಗೆ ಮಾಡುವಾಗ. ಒಂದು ಕಾರ್ಡಿಗೆ ಸ್ಕೇಲಿದ್ದರೆ ಸಾಕು. ಒಂದು ಪೆಟ್ಟಿಗೆಗೆ ಮುಚ್ಚಳವೂ ಸೇರಿ ಎಂಟು ಗೆರೆ, ಇಪ್ಪತ್ತು ಪೆಟ್ಟಿಗೆಗೆ 160. ಪೆನ್ಸಿಲಿನಲ್ಲಿ ಗುರುತಿಸುತ್ತ ಕೂತರೆ ಎಲ್ಲೋ ಒಂದು ತಪ್ಪೇ ತಪ್ಪುತ್ತದೆ. ಲೆಕ್ಕ ಸರಳ: ತಳದ ಅಳತೆಗೆ ಎತ್ತರದ ಎರಡರಷ್ಟು ಕೂಡಿಸಿದರೆ ಹಾಳೆಯ ಅಳತೆ. 100 ಮಿ.ಮೀ. ಚೌಕದ ತಳ, 30 ಎತ್ತರ ಬೇಕಾದರೆ 160 ಚೌಕದ ಹಾಳೆ, ನಾಲ್ಕೂ ಕಡೆ 30ರಲ್ಲಿ ಗೆರೆ. ಈ ನಾಲ್ಕು ಗೆರೆಗಳನ್ನು ಹಾಕುವ ಕ್ರಮ ಮುಖ್ಯ. ಒಂದೇ ಅಂಚಿನಿಂದ 30 ಮತ್ತು 130 ಎಂದು ಎರಡು ಗೆರೆ ಎಳೆಯಬೇಡಿ. ಹಾಳೆಯನ್ನು ತಿರುಗಿಸುತ್ತ ಪ್ರತಿ ಸಲವೂ 30ರಲ್ಲೇ ಎಳೆಯಿರಿ. ಕತ್ತರಿಸುವಾಗ ಅರ್ಧ ಮಿ.ಮೀ. ಹೆಚ್ಚುಕಮ್ಮಿಯಾಗಿದ್ದರೆ ಅದು ತಳಕ್ಕೆ ಸೇರಿಹೋಗುತ್ತದೆ, ನಾಲ್ಕು ಗೋಡೆಗಳೂ ಒಂದೇ ಎತ್ತರಕ್ಕೆ ಬರುತ್ತವೆ. ಒಂದೇ ಅಂಚಿನಿಂದ ಎಳೆದರೆ ಆ ತಪ್ಪೆಲ್ಲ ಒಂದು ಗೋಡೆಯ ಪಾಲು, ಮುಚ್ಚಳ ಅಲ್ಲೇ ಎತ್ತರಿಸಿ ಕೂರುತ್ತದೆ.

ಹೀಗೆ ತಿರುಗಿಸಿ ಎಳೆಯುವುದರಿಂದ ಮುಚ್ಚಳದ ಸಮಸ್ಯೆಯೂ ಬಗೆಹರಿಯುತ್ತದೆ. 250 ಜಿಎಸ್‌ಎಂ ಕಾಗದದ ದಪ್ಪ ಸುಮಾರು 0.3 ಮಿ.ಮೀ. ಮೂಲೆಗಳಲ್ಲಿ ಅಂಟಿಸಿದ ಪದರ ಸೇರಿ, ಮಡಿಕೆಯ ಉಬ್ಬೂ ಕೂಡಿ, ಮುಚ್ಚಳ ತಳಕ್ಕಿಂತ 2ರಿಂದ 3 ಮಿ.ಮೀ. ದೊಡ್ಡದಿರಬೇಕು. 5 ಮಿ.ಮೀ. ಗ್ರೂವಿನಲ್ಲಿ 3 ಮಿ.ಮೀ. ಸಿಗುವುದು ಹೇಗೆ ಎಂದು ಕೇಳುವವರಿದ್ದಾರೆ. ಅದು ಸಿಗಬೇಕಾದದ್ದು ಗ್ರೂವಿನಲ್ಲಲ್ಲ, ಕತ್ತರಿಸುವಾಗ. ಮುಚ್ಚಳದ ಹಾಳೆ 153 ಚೌಕ, ಗೆರೆ ನಾಲ್ಕೂ ಕಡೆ 25ರಲ್ಲಿ, ತಳ ತಾನಾಗಿಯೇ 103 ಬರುತ್ತದೆ. ಅಲಂಕಾರದ ಕಾಗದವನ್ನು ಗೋಡೆಗಳ ಮೇಲೂ ಸುತ್ತುವುದಿದ್ದರೆ ಇನ್ನೊಂದು ಮಿ.ಮೀ. ಸೇರಿಸಿ.

ಮೂಲೆ ಕತ್ತರಿಸುವಾಗ ಎದುರುಬದುರಿನ ಎರಡು ಬದಿಗಳಲ್ಲಿ ಮಾತ್ರ, ಗೆರೆಗುಂಟ, ಇನ್ನೊಂದು ಗೆರೆ ಸೇರುವ ಜಾಗದವರೆಗೆ. ಅದನ್ನು ಒಂದು ಮಿ.ಮೀ. ದಾಟಿದರೂ ಪೆಟ್ಟಿಗೆಯ ಮೂಲೆಯಲ್ಲಿ ತೂತು ಉಳಿಯುತ್ತದೆ, ಕೂದಲೆಳೆಯಷ್ಟು ಹಿಂದೆಯೇ ನಿಲ್ಲಿಸುವುದು ಲೇಸು. ಕತ್ತರಿಸಿದ ಮೇಲೆ ಸಿಗುವ, ಗೋಡೆಗೆ ಅಂಟಿಸುವ ಟ್ಯಾಬಿನ ಎರಡು ಅಂಚುಗಳನ್ನು ಒಂದೊಂದು ಮಿ.ಮೀ. ಓರೆಯಾಗಿ ತೆಗೆಯಬೇಕು, ಇಲ್ಲವಾದರೆ ಅದು ತಳದ ಮಡಿಕೆಗೆ ತಗುಲಿ ಗೋಡೆ ಹೊರಕ್ಕೆ ವಾಲುತ್ತದೆ. ಅಂಟಿಗೆ ಪಿವಿಎ ಬಿಳಿ ಗೋಂದನ್ನು ತೆಳುವಾಗಿ ಹಚ್ಚಿ ಕ್ಲಿಪ್ ಹಾಕಿ. ಎರಡು ಬದಿಯ ಟೇಪ್ ಬೇಗ ಅಂಟುವುದೇನೋ ನಿಜ, ಆದರೆ ತಪ್ಪಾಗಿ ಕೂರಿಸಿದರೆ ಸರಿಸಲಾಗದು. ಗ್ಲೂ ಸ್ಟಿಕ್ಕನ್ನಂತೂ ಪೆಟ್ಟಿಗೆಯ ಹತ್ತಿರ ತರಬೇಡಿ, ದಪ್ಪ ಕಾಗದ ಮಡಿಕೆ ಬಿಚ್ಚಿಕೊಳ್ಳಲು ಎಳೆಯುತ್ತಲೇ ಇರುತ್ತದೆ, ಒಣಗಿದ ಸ್ಟಿಕ್ ಕೈಬಿಡುತ್ತದೆ. ಸ್ಟಾಂಪು, ಎಂಬಾಸಿಂಗ್ ಏನಿದ್ದರೂ ಗೆರೆ ಹಾಕಿ ಕತ್ತರಿಸಿದ ಮೇಲೆ, ಅಂಟಿಸುವ ಮೊದಲು, ಹಾಳೆ ಚಪ್ಪಟೆಯಾಗಿರುವಾಗಲೇ ಆಗಬೇಕು. ಮೇಲೆ ಅಂಟಿಸುವ ಅಲಂಕಾರದ ತುಂಡು ಗೋಡೆಗಿಂತ ಎಲ್ಲ ಕಡೆ ಒಂದು ಮಿ.ಮೀ. ಚಿಕ್ಕದಿದ್ದರೆ ಮಡಿಕೆಗೆ ಅಡ್ಡಿಯಾಗುವುದಿಲ್ಲ.

ಲಕೋಟೆಯ ಬಿಲ್ಲೆ ಚೆನ್ನಾಗಿದೆ, ಬೋರ್ಡಿನ ಮೇಲೆ ಅಚ್ಚು ಹಾಕಿದ ಅಳತೆ ಪಟ್ಟಿ ಚೆನ್ನಾಗಿಲ್ಲ. ಪಟ್ಟಿಯಲ್ಲಿರುವುದು ಇಂಚಿನ ಕೆಲವೇ ಅಳತೆಗಳು, ಅವೂ ತೆಳು ಕಾರ್ಡಿಗೆ. ಬದಲಿಗೆ ಕಾರ್ಡಿನ ಅಗಲ ಮತ್ತು ಉದ್ದ ಕೂಡಿಸಿ 1.4ರಿಂದ ಭಾಗಿಸಿ, 20 ಮಿ.ಮೀ. ಸೇರಿಸಿದರೆ ಚೌಕದ ಹಾಳೆಯ ಬದಿ ಸಿಗುತ್ತದೆ. ಎ6 ಕಾರ್ಡಿಗೆ 105 ಮತ್ತು 148 ಸೇರಿ 253, ಭಾಗಿಸಿದರೆ 181, ಹೀಗೆ ಸುಮಾರು 200 ಮಿ.ಮೀ. ಚೌಕ. ಹೂವು, ಫೋಮ್ ಟೇಪ್ ಅಂಟಿಸಿದ ಉಬ್ಬು ಕಾರ್ಡಾದರೆ ಇನ್ನೂ 5ರಿಂದ 10 ಬೇಕು. ಲಕೋಟೆಗೆ 100ರಿಂದ 120 ಜಿಎಸ್‌ಎಂ ಸಾಕು.

ಈಗ ಕೈಕಾಗದ. ಅದರಲ್ಲಿ ನಾರುಗಳು ನಾನಾ ದಿಕ್ಕಿಗೆ ಹರಡಿರುತ್ತವೆ, ಆದ್ದರಿಂದ ಹೇಗೆ ಮಡಿಸಿದರೂ ಹೆಚ್ಚು ಭೇದವಿಲ್ಲ, ಅದು ಒಳ್ಳೆಯ ಸುದ್ದಿ. ತೊಂದರೆ ಬರುವುದು ದಪ್ಪದಲ್ಲಿ. ಒಂದೇ ಹಾಳೆ ಒಂದು ಕಡೆ ತೆಳು, ಇನ್ನೊಂದು ಕಡೆ ಗಂಟು. ಕಡ್ಡಿ ಗಂಟಿನ ಮೇಲೆ ಹತ್ತಿ ಜಾರುತ್ತದೆ, ತೆಳು ಜಾಗದಲ್ಲಿ ಗ್ರೂವಿನೊಳಕ್ಕೆ ಇಳಿದು ಹಾಳೆಯನ್ನು ಸೀಳುತ್ತದೆ. ಅಂಚು ಹರಿದಂತೆ ಒರಟಾಗಿರುವುದರಿಂದ ಬೋರ್ಡಿನ ಅಂಚಿಗೆ ತಾಗಿಸಿದರೂ ನೇರ ಕೂರದು, ಕಡೇ ಪಕ್ಷ ಒಂದು ಬದಿಯನ್ನಾದರೂ ಕತ್ತರಿಸಿಕೊಳ್ಳಬೇಕು. ಇಂಥ ಹಾಳೆಗೆ ಬೋರ್ಡ್ ಬಿಟ್ಟು ಕಟಿಂಗ್ ಮ್ಯಾಟ್ ಮೇಲೆ ಸ್ಕೇಲ್ ಇಟ್ಟು, ಬೋನ್ ಫೋಲ್ಡರಿನ ಅಗಲ ತುದಿಯಿಂದ ಮೂರು ನಾಲ್ಕು ಸಲ ತೀಡಿ ಮಡಿಸುವುದೇ ಸರಿ. ಇನ್ನೂ ಒಳ್ಳೆಯದೆಂದರೆ ಕಾರ್ಡಿನ ಮೈಯನ್ನು ಸಾದಾ ಕಾರ್ಡ್‌ಸ್ಟಾಕಿನಲ್ಲಿ ಮಾಡಿ, ಕೈಕಾಗದವನ್ನು ಮುಖದ ಮೇಲೆ ತುಂಡಾಗಿ ಅಂಟಿಸುವುದು. ಅದರ ಒರಟು ಅಂಚು ಹಾಗೆ ಇಟ್ಟಾಗಲೇ ಚೆಂದ ಕಾಣುತ್ತದೆ. ಅಂಥ ಅಂಚು ಬೇಕಾದ ಕಡೆ ಒದ್ದೆ ಬ್ರಶ್ಶಿನಿಂದ ಗೆರೆ ಎಳೆದು, ಸ್ಕೇಲ್ ಒತ್ತಿ ಹಿಡಿದು ಮೆಲ್ಲಗೆ ಎಳೆದರೆ ನಾರು ಬಿಡಿಸಿಕೊಂಡು ಬರುತ್ತದೆ. ಹೂವಿನ ಪಕಳೆ ಸೇರಿಸಿದ ಕಾಗದ ತಂದವರು ಒಂದು ಗಮನಿಸಲಿ: ಪಕಳೆ ದಿನ ಕಳೆದಂತೆ ಕಂದು ತಿರುಗುತ್ತದೆ, ಹತ್ತಿರ ಹಚ್ಚಿದ ಒದ್ದೆ ಅಂಟು ಅದರ ಬಣ್ಣವನ್ನು ಸುತ್ತಲೂ ಹರಡುತ್ತದೆ.

ಬಾಳಿಕೆ ವಿಚಾರದಲ್ಲಿ ದೂರಲು ಹೆಚ್ಚೇನಿಲ್ಲ. ಸವೆಯುವುದು ದಿನವೂ ಬಳಸುವ ಒಂದೆರಡು ಗ್ರೂವ್‌ಗಳು ಮಾತ್ರ. ಅವುಗಳ ಬಾಯಿ ಅಗಲವಾಗಿ ಗೆರೆ ಮಂದವಾಗುತ್ತದೆ. ಹಾಗಾದಾಗ ಹಾಳೆಯನ್ನು ಬೋರ್ಡಿನ ಕೆಳಭಾಗಕ್ಕೆ ಸರಿಸಿ ಅದೇ ಗ್ರೂವಿನ ಹೊಸ ಜಾಗದಲ್ಲಿ ಎಳೆಯಬಹುದು. ಅಂಚಿನ ಬುಡದಲ್ಲಿ ಒಣಗಿದ ಗೋಂದು, ಕಾಗದದ ಧೂಳು ಸೇರಿ ಹಾಳೆ ಅರ್ಧ ಮಿ.ಮೀ. ಹಿಂದೆ ನಿಲ್ಲುವುದು ಇದಕ್ಕಿಂತ ದೊಡ್ಡ ಕಾಟ. ಹಲ್ಲುಕಡ್ಡಿಯಿಂದ ಆಗಾಗ ಕೆರೆದು ತೆಗೆಯಬೇಕು. ಎಂಬಾಸಿಂಗ್ ಪುಡಿ ಕರಗಿಸುವ ಹೀಟ್ ಗನ್ ಈ ಬೋರ್ಡಿನ ಮೇಲೆ ಎಂದೂ ಬೇಡ, ಪ್ಲಾಸ್ಟಿಕ್ ಬಾಗಿದರೆ ಮತ್ತೆ ನೇರವಾಗದು. ಬಿಸಿಲಿಗೆ ಬಿಟ್ಟರೂ, ಗೋಡೆಗೆ ಒರಗಿಸಿ ಇಟ್ಟರೂ ಅದೇ ಗತಿ, ಮಲಗಿಸಿಯೇ ಇಡಿ.

ಹೊಸದು ತಂದಾಗ, ಅಥವಾ ಯಾರದೋ ಹಳೆಯದನ್ನು ಕೊಳ್ಳುವಾಗ, ಸೊನ್ನೆ (ಅಳತೆ ಶುರುವಾಗುವ ಅಂಚು) ಸರಿ ಇದೆಯೇ ಎಂದು ನೋಡಿಕೊಳ್ಳಿ. ಸರಿಯಾಗಿ 100 ಮಿ.ಮೀ. ಅಗಲಕ್ಕೆ ಕತ್ತರಿಸಿದ ಹಾಳೆಯನ್ನು 50ರಲ್ಲಿ ಗೆರೆ ಹಾಕಿ, ಎಡಬಲ ತಿರುಗಿಸಿ ಮತ್ತೆ 50ರಲ್ಲೇ ಎಳೆಯಿರಿ. ಎರಡು ಗೆರೆಗಳು ಒಂದೇ ಆದರೆ ಬೋರ್ಡ್ ಚೆನ್ನಾಗಿದೆ. ನಡುವೆ ಒಂದು ಮಿ.ಮೀ. ಬಿಟ್ಟರೆ ಸೊನ್ನೆ ಅರ್ಧ ಮಿ.ಮೀ. ತಪ್ಪಿದೆ ಎಂದರ್ಥ. ಅಷ್ಟಿದ್ದರೆ ಕಾರ್ಡಿಗೆ ನಡೆಯುತ್ತದೆ, ಮುಚ್ಚಳದ ಪೆಟ್ಟಿಗೆಗೆ ನಡೆಯುವುದಿಲ್ಲ, ಬೇರೆಯದನ್ನು ಕೇಳಿ.