ಅಲ್ಟ್ರಾಸಾನಿಕ್ ಕ್ಲೀನರ್ ನಿಜಕ್ಕೂ ಕೆಲಸ ಮಾಡ್ತಿದೆಯಾ? ಸದ್ದು, ಪೆನ್ಸಿಲ್, ಫಾಯಿಲ್: ಮೂರನ್ನೂ ಮಾಡಿ ನೋಡಿದೆ

ಒಂದು ಜೊತೆ ಓಲೆ. ಎರಡರ ಹಿಂಬದಿಗೂ ಒಂದೇ ಥರ ಕೊಳೆ ಕೂತಿತ್ತು. ಒಂದನ್ನು ಅಲ್ಟ್ರಾಸಾನಿಕ್ ಕ್ಲೀನರ್‌ಗೆ (ಕಿವಿಗೆ ಕೇಳದಷ್ಟು ವೇಗವಾಗಿ ತೊಟ್ಟಿಯ ನೀರನ್ನು ಅದುರಿಸಿ ಕೊಳೆ ತೆಗೆಯುವ ಮೆಷಿನ್) ಹಾಕಿದೆ, ಇನ್ನೊಂದನ್ನು ಪಕ್ಕದ ಬಟ್ಟಲಲ್ಲಿ ಬಿಸಿ ಸೋಪುನೀರಿಗೆ ಸುಮ್ಮನೆ ನೆನೆಹಾಕಿದೆ. ಐದು ನಿಮಿಷ ಬಿಟ್ಟು ತೆಗೆದರೆ ಯಾವುದು ಯಾವುದೆಂದು ನನಗೇ ಗೊತ್ತಾಗಲಿಲ್ಲ. ಮೆಷಿನ್ ಮಾತ್ರ ಎಂದಿನಂತೆ ಗುಂಯ್‌ಗುಡುತ್ತಿತ್ತು, ದೀಪವೂ ಉರಿಯುತ್ತಿತ್ತು. ಆವತ್ತೇ ಇದನ್ನು ಸರಿಯಾಗಿ ಪರೀಕ್ಷಿಸಲೇಬೇಕು ಅನ್ನಿಸಿತು.

ಸದ್ದನ್ನು ನಂಬಬೇಡಿ. ನನ್ನ ಮೆಷಿನ್ ನಡೆಯುವುದು 40 ಕಿಲೋಹರ್ಟ್ಜ್‌ನಲ್ಲಿ, ಅಂದರೆ ಸೆಕೆಂಡಿಗೆ 40 ಸಾವಿರ ಸಲ ಅದುರುತ್ತದೆ. ನಮ್ಮ ಕಿವಿಗೆ ಕೇಳುವುದು ಹೆಚ್ಚೆಂದರೆ 20. ನಮಗೆ ಕೇಳಿಸುವುದು ತೊಟ್ಟಿ ಅದುರುವ ಸದ್ದು, ನೀರಿನಲ್ಲಿ ಗುಳ್ಳೆ ಒಡೆಯುವ ಗಲಾಟೆ. ಸದ್ದು ಪೂರ್ತಿ ನಿಂತರೆ ಕೆಟ್ಟಿದೆ ಎನ್ನಬಹುದು, ಆದರೆ ಸದ್ದಿದೆ ಎಂದಮಾತ್ರಕ್ಕೆ ಚೆನ್ನಾಗಿದೆ ಎನ್ನಲಾಗದು. ಒಳಗೆ ಬರೀ ಮೋಟರ್ ಇಟ್ಟು ನೀರು ಅಲುಗಾಡಿಸುವ ಪುಟ್ಟ ಡಬ್ಬಿಗಳೂ ಸದ್ದು ಮಾಡುತ್ತವೆ.

ಪೆನ್ಸಿಲ್ ಪರೀಕ್ಷೆಗೆ ಮೈಕ್ರೋಸ್ಕೋಪಿನ ಗಾಜಿನ ಸ್ಲೈಡ್ ಬೇಕು, ಒಂದು ತುದಿ ತರಿತರಿಯಾಗಿರುವಂಥದ್ದು. ಆ ತುದಿಯನ್ನು ಒದ್ದೆ ಮಾಡಿ, ಪೆನ್ಸಿಲಿನಿಂದ ಮೂಲೆಯಿಂದ ಮೂಲೆಗೆ ಕತ್ತರಿ ಗುರುತು ಹಾಕಿ ನೀರಿಗೆ ಇಳಿಸಬೇಕು. ಬೆರಳು ನೀರಿಗೆ ತಾಗಬಾರದು, ನಾನು ಚಿಮಟದಲ್ಲಿ ಹಿಡಿದೆ. ಸುಮಾರು ಹತ್ತು ಸೆಕೆಂಡಿನಲ್ಲಿ ಸೀಸದ ಗೆರೆ ಹೊಗೆಯಂತೆ ಎದ್ದು ಕರಗಿಹೋಯಿತು. ನೋಡುವುದಕ್ಕೇ ಖುಷಿ. ಆದರೆ ಇದು ಹೇಳುವುದು ಸ್ಲೈಡ್ ಇದ್ದ ಆ ಒಂದು ಜಾಗದ ಕಥೆ ಮಾತ್ರ. ನಾನು ಹಿಡಿದದ್ದು ತೊಟ್ಟಿಯ ಎಡಗಡೆ, ಅಲ್ಲಿ ಎಲ್ಲ ಸರಿಯಿತ್ತು.

ಫಾಯಿಲ್ ಪರೀಕ್ಷೆ ಇಡೀ ತೊಟ್ಟಿಯ ನಕ್ಷೆ ಕೊಡುತ್ತದೆ. ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲನ್ನು ತೊಟ್ಟಿಯ ಉದ್ದಕ್ಕೆ ಕತ್ತರಿಸಿ, ಸುಕ್ಕಾಗದಂತೆ, ತಳಕ್ಕೆ ತಾಗದಂತೆ ನೆಟ್ಟಗೆ ತೂಗುಬಿಟ್ಟು ಒಂದು ನಿಮಿಷ ಓಡಿಸಬೇಕು. ಗುಳ್ಳೆಗಳು ಹುಟ್ಟಿ, ಕುಸಿದು ಒಡೆಯುವ ಪೆಟ್ಟಿಗೆ ಫಾಯಿಲ್ ಮೇಲೆ ಗುಳಿ ಬೀಳುತ್ತದೆ, ತೂತೂ ಬೀಳುತ್ತದೆ. ಕೊಳೆ ಕೀಳುವುದೂ ಇದೇ ಪೆಟ್ಟು.

ಮೊದಲ ಸಲ ನಾನು ತಪ್ಪು ಮಾಡಿದೆ. ನಲ್ಲಿಯಿಂದ ಆಗಷ್ಟೇ ಹಿಡಿದ ನೀರಿಗೆ ಫಾಯಿಲ್ ಇಳಿಸಿದ್ದೆ, ಗುಳಿಗಳು ಕಂಡೂ ಕಾಣದ ಹಾಗೆ ಬಿದ್ದಿದ್ದವು. ಹೊಸ ನೀರಿನಲ್ಲಿ ಕರಗಿರುವ ಗಾಳಿ ಆ ಪೆಟ್ಟನ್ನು ಮೆತ್ತಗೆ ಮಾಡಿಬಿಡುತ್ತದೆ. ಒಂದು ತೊಟ್ಟು ಪಾತ್ರೆ ತೊಳೆಯುವ ದ್ರವ ಹಾಕಿ, ಹತ್ತು ನಿಮಿಷ ಖಾಲಿ ಓಡಿಸಿ, ಹೊಸ ಫಾಯಿಲ್ ಇಳಿಸಿದೆ. ಈ ಸಲ ಎತ್ತಿ ಬೆಳಕಿಗೆ ಹಿಡಿದರೆ ಎಡಭಾಗ ಜರಡಿಯಂತಾಗಿತ್ತು. ಗುಳಿಗಳು ಹೆಚ್ಚುಕಡಿಮೆ ಎರಡು ಸೆಂಟಿಮೀಟರಿಗೊಂದು ಪಟ್ಟಿಯಾಗಿ ಬಿದ್ದಿದ್ದವು. 40 ಕಿಲೋಹರ್ಟ್ಜ್ ಅಲೆ ನೀರಿನಲ್ಲಿ ಸುಮಾರು 3.7 ಸೆಂಟಿಮೀಟರ್ ಉದ್ದ, ಅದರ ಅರ್ಧಕ್ಕೊಂದು ಪಟ್ಟಿ, ಲೆಕ್ಕ ಸರಿಹೋಯಿತು. ಬಲಭಾಗ? ಕತ್ತರಿಸಿದಾಗ ಹೇಗಿತ್ತೋ ಹಾಗೇ ನುಣ್ಣಗಿತ್ತು. ಓಲೆ ಇಟ್ಟಿದ್ದು ಅಲ್ಲೇ.

ತೊಟ್ಟಿಯ ತಳಕ್ಕೆ ಅಂಟಿಸಿದ ಎರಡು ಟ್ರಾನ್ಸ್‌ಡ್ಯೂಸರ್‌ಗಳಲ್ಲಿ (ಕರೆಂಟಿನಿಂದ ಅದುರಿ ನೀರಿನಲ್ಲಿ ಅಲೆ ಎಬ್ಬಿಸುವ ಭಾಗಗಳು) ಬಲಗಡೆಯದು ಅಂಟು ಬಿಟ್ಟಿತ್ತು ಎಂದು ರಿಪೇರಿಯವರು ಬಿಚ್ಚಿ ತೋರಿಸಿದರು.

ಒಂದನ್ನೇ ಆರಿಸಿಕೊಳ್ಳಿ ಎಂದರೆ ನಾನು ಫಾಯಿಲನ್ನೇ ಆರಿಸುತ್ತೇನೆ. ಆದರೆ ಪರೀಕ್ಷೆ ಆದಮೇಲೆ ನೀರು ಚೆಲ್ಲಿ, ತೊಟ್ಟಿ ತೊಳೆಯಲೇಬೇಕು. ಉದುರಿದ ಅಲ್ಯುಮಿನಿಯಂ ಚೂರುಗಳು ಒಡವೆಯ ಸಂದಿಗೆ ಹೋಗುತ್ತವೆ. ಇನ್ನು ಮುತ್ತು, ಹವಳ, ಪಚ್ಚೆಯ ಒಡವೆಗಳನ್ನು ಮೆಷಿನ್ ಎಷ್ಟೇ ಚೆನ್ನಾಗಿದ್ದರೂ ಅದಕ್ಕೆ ಹಾಕಬೇಡಿ.

ರಿಪೇರಿಯಾಗಿ ಬಂದ ದಿನ ಮತ್ತೆ ಫಾಯಿಲ್ ಇಳಿಸಿದೆ. ಎರಡೂ ಕಡೆ ತೂತು. ಆ ಹಾಳೆಯ ಮೂಲೆಗೆ ತಾರೀಕು ಬರೆದ ಚೀಟಿ ಅಂಟಿಸಿ ಎತ್ತಿಟ್ಟಿದ್ದೇನೆ, ಮುಂದಿನ ತಿಂಗಳ ಹಾಳೆಯನ್ನು ಅದರ ಪಕ್ಕ ಇಟ್ಟು ನೋಡಲು.